ಗೆಳತಿಯರ ಪುಸ್ತಕ ಬಳಗ: ಓದಿಗೊಂದು ಹೊತ್ತು, ಹರಟೆಗೊಂದು ಹೊತ್ತು

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮ ಮಹಿಳಾ ಕಾಲೇಜಿನ ಹಳೆಯ ವಿದ್ಯಾರ್ಥಿನಿಯರು 34 ಜನ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ವಯಸ್ಸು 29ರಿಂದ 71ರವರೆಗೆ. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪುಸ್ತಕದ ಬಗ್ಗೆ ಮಾತಾಡೋಣ ಅಂತ ಶುರುವಾಯಿತು. ಮೊದಲ ಸಲ 22 ಜನ ಬಂದರು. ಎರಡನೆಯ ತಿಂಗಳಿಗೆ ‘ಮಲೆಗಳಲ್ಲಿ ಮದುಮಗಳು’ ಇಟ್ಟುಕೊಂಡೆವು, ಮುಗಿಸಿದವರು ಮೂವರೇ. ಈಗ ಬರುವವರು ಏಳೆಂಟು ಜನ, ಅವರಲ್ಲೂ ಅರ್ಧ ಜನ ಓದಿರುವುದಿಲ್ಲ. ಹತ್ತೇ ನಿಮಿಷಕ್ಕೆ ಮಾತು ಮಕ್ಕಳ ಮದುವೆ, ಸೀರೆ, ಚೀಟಿ ಕಡೆಗೆ ಹೊರಳುತ್ತದೆ. ಒಮ್ಮೆ ಜಾತಿಯ ವಿಷಯ ಬಂದು ಇಬ್ಬರು ಬರುವುದನ್ನೇ ಬಿಟ್ಟರು. ತಿಂಗಳಿಗೆ ನೂರು ರೂಪಾಯಿ ಎತ್ತುತ್ತೇವೆ, ಲೆಕ್ಕ ಸರಿಯಾಗಿಲ್ಲ. ನೋಂದಣಿ ಮಾಡಿಸಿದರೆ ಶಿಸ್ತು ಬರುತ್ತದೆ ಅನ್ನುತ್ತಾರೆ ಕೆಲವರು. ಏನು ಮಾಡಬೇಕು?

ಉತ್ತರ: ಮೊದಲು ಒಂದು ಮಾತು. ಹರಟೆಯನ್ನು ಓಡಿಸಲು ಹೋಗಬೇಡಿ. ನಿಮ್ಮ ಬಳಗದಲ್ಲಿ ಹೆಚ್ಚಿನವರು ಬರುವುದು ಗೆಳತಿಯರನ್ನು ನೋಡುವುದಕ್ಕೆ. ಆ ಸೆಳೆತ ಇಲ್ಲದಿದ್ದರೆ ಪುಸ್ತಕವೊಂದೇ ಯಾರನ್ನೂ ಭಾನುವಾರ ಮನೆಯಿಂದ ಹೊರಡಿಸುವುದಿಲ್ಲ. ತೊಂದರೆ ಆಗುತ್ತಿರುವುದು ಎರಡನ್ನೂ ಒಂದೇ ಹೊತ್ತಿಗೆ ಕೂಡಿಸಿರುವುದರಿಂದ. ಮಗಳ ಮದುವೆಯ ಸುದ್ದಿ ಹೇಳಲು ಕಾತರದಿಂದ ಬಂದವರ ಎದುರು ಪುಸ್ತಕ ತೆರೆದರೆ ಸೋಲುವುದು ಪುಸ್ತಕವೇ. ಎರಡಕ್ಕೂ ಬೇರೆ ಬೇರೆ ಹೊತ್ತು ಕೊಡಿ. ಪುಸ್ತಕಕ್ಕೆ ಮುಕ್ಕಾಲು ಗಂಟೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಹರಟೆಗೆ ಒಂದು ಗಂಟೆ, ಅದನ್ನೂ ಯಾರೂ ಕಸಿಯುವಂತಿಲ್ಲ. ಇದರ ಜೊತೆಗೆ, ಓದದೆ ಬಂದವರಿಗೂ ಆ ಮುಕ್ಕಾಲು ಗಂಟೆಯಲ್ಲಿ ಜಾಗ ಇರಬೇಕು. ಓದಿಲ್ಲವೆಂಬ ಸಂಕೋಚಕ್ಕೆ ಒಂದು ತಿಂಗಳು ತಪ್ಪಿಸಿಕೊಂಡವರು ಮರು ತಿಂಗಳು ಇನ್ನಷ್ಟು ಸಂಕೋಚಪಡುತ್ತಾರೆ, ಮೂರನೆಯ ತಿಂಗಳಿಗೆ ಬಿಟ್ಟೇಬಿಡುತ್ತಾರೆ. ನಿಮ್ಮ 22 ಜನ ಎಂಟಕ್ಕೆ ಇಳಿದ ದಾರಿ ಬಹುಪಾಲು ಇದೇ ಇರಬೇಕು.

ಇನ್ನು ಪುಸ್ತಕದ ಗಾತ್ರ. ಲೆಕ್ಕ ಹಾಕಿ ನೋಡಿ. ಸಾಧಾರಣ ಅಚ್ಚಿನ ಕನ್ನಡ ಕಾದಂಬರಿ ಗಂಟೆಗೆ 25ರಿಂದ 30 ಪುಟ ಸಾಗುತ್ತದೆ. ಮನೆ, ಕೆಲಸ ಎರಡೂ ಇರುವ ಹೆಂಗಸಿಗೆ ದಿನಕ್ಕೆ ಸಿಗುವ ಬಿಡುವು ಇಪ್ಪತ್ತು ನಿಮಿಷ, ಅಂದರೆ ಎಂಟೊಂಬತ್ತು ಪುಟ. ತಿಂಗಳ ಮೂವತ್ತು ದಿನದಲ್ಲಿ ಓದಲು ಕೈಗೂಡುವುದು ಇಪ್ಪತ್ತು ದಿನ. ಅಲ್ಲಿಗೆ 160ರಿಂದ 180 ಪುಟ. ಇದಕ್ಕಿಂತ ದೊಡ್ಡದನ್ನು ಒಂದೇ ತಿಂಗಳಿಗೆ ಇಟ್ಟರೆ ಓದದೆ ಬರುವವರನ್ನು ನೀವೇ ತಯಾರು ಮಾಡಿದ ಹಾಗೆ. ಕುವೆಂಪು ಅವರ ಆ ಕಾದಂಬರಿ 700 ಪುಟ ಮೀರಿದ್ದು, ಪಾತ್ರಗಳೂ ಹತ್ತಾರು. ಪುಸ್ತಕ ಚೆನ್ನಾಗಿಯೇ ಆರಿಸಿದ್ದೀರಿ, ಕಾಲ ಮಾತ್ರ ಸಾಲಲಿಲ್ಲ. ಅದನ್ನು ನಾಲ್ಕು ತಿಂಗಳಿಗೆ ಹಂಚಿ, ತಿಂಗಳಿಗೆ ಸುಮಾರು 180 ಪುಟ. ಮೊದಲ ತಿಂಗಳೇ ಯಾರಾದರೂ ಒಂದು ಹಾಳೆಯಲ್ಲಿ ಮನೆತನಗಳ ಪಟ್ಟಿ ಬರೆದು ಎಲ್ಲರಿಗೂ ಕೊಡಲಿ: ಯಾವ ಮನೆ, ಮನೆಯಲ್ಲಿ ಯಾರು ಯಾರು, ಆಳುಗಳು ಯಾರು. ಈ ಒಂದು ಹಾಳೆ ಇಲ್ಲದೆ ನೂರನೆಯ ಪುಟದ ಹೊತ್ತಿಗೆ ಕೈಬಿಡುವವರು ಬಹಳ.

ವರ್ಷದ ಪಟ್ಟಿಯನ್ನು ಪಂಚಾಂಗ ಮುಂದಿಟ್ಟುಕೊಂಡು ಮಾಡಿ. ಯಾವ ತಿಂಗಳು ಜನ ಬರುತ್ತಾರೆ, ಯಾವ ತಿಂಗಳು ಬರುವುದಿಲ್ಲ ಅನ್ನುವುದು ನಮ್ಮ ಕಡೆ ಪಂಚಾಂಗದಲ್ಲೇ ಗೊತ್ತಾಗುತ್ತದೆ. ವೈಶಾಖ, ಜ್ಯೇಷ್ಠದಲ್ಲಿ ಪ್ರತಿ ಭಾನುವಾರವೂ ಮದುವೆ. ಶ್ರಾವಣದಲ್ಲಿ ಮಂಗಳಗೌರಿ, ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಗೌರಿ ಗಣೇಶ. ಮಾರ್ಚ್‌, ಏಪ್ರಿಲ್‌ನಲ್ಲಿ ಪರೀಕ್ಷೆ, ಮೌಲ್ಯಮಾಪನ. ಮಹಿಳಾ ಕಾಲೇಜಿನಲ್ಲಿ ಓದಿ ಶಿಕ್ಷಕಿಯರಾದವರು ನಿಮ್ಮಲ್ಲಿ ಹಲವರು ಇದ್ದೇ ಇರುತ್ತಾರೆ, ಅವರು ಆ ಎರಡು ತಿಂಗಳು ಸಿಗುವುದಿಲ್ಲ. ಆಷಾಢದಲ್ಲಿ ಮಳೆ ಇರುತ್ತದೆ ನಿಜ, ಆದರೆ ಮದುವೆ, ಗೃಹಪ್ರವೇಶ ಯಾವುದೂ ಇರುವುದಿಲ್ಲ. ಪುಸ್ತಕ ಬಳಗಕ್ಕೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ, ಗಟ್ಟಿಯಾದ ಕಾದಂಬರಿಯನ್ನು ಅಲ್ಲಿಗೇ ಇಡಿ. ಪರೀಕ್ಷೆ ಮತ್ತು ಮದುವೆಗಳ ತಿಂಗಳಿಗೆ ಮೂರು ಸಣ್ಣ ಕತೆ ಇಲ್ಲವೇ ನಾಲ್ಕೈದು ಕವಿತೆ ಸಾಕು, ಅಲ್ಲೇ ಕೂತು ಓದಿ ಅಲ್ಲೇ ಮಾತಾಡುವಂಥವು. ಭಾನುವಾರವನ್ನೇ ಹಿಡಿದುಕೊಂಡು ಕೂರುವುದೂ ಬೇಡ. ಸರ್ಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಇದೆ. ಮದುವೆ, ನಾಮಕರಣಗಳ ಪೈಪೋಟಿ ಶನಿವಾರ ಕಡಿಮೆ. ಯಾವುದನ್ನೇ ಆರಿಸಿ, ‘ಎರಡನೆಯ ಶನಿವಾರ’ ಅಂತ ಒಮ್ಮೆ ಗೊತ್ತುಮಾಡಿದ ಮೇಲೆ ಯಾರ ಅನುಕೂಲಕ್ಕೂ ಬದಲಿಸಬೇಡಿ. ಒಬ್ಬರಿಗಾಗಿ ದಿನ ಬದಲಿಸಿದರೆ ಮೂವರಿಗೆ ತಪ್ಪಿಹೋಗುತ್ತದೆ.

ಪ್ರತಿಗಳ ವಿಚಾರ. ಎಲ್ಲರೂ ಕೊಂಡೇ ಓದಬೇಕು ಅಂದರೆ ಅರ್ಧ ಜನ ಅಲ್ಲಿಗೇ ನಿಲ್ಲುತ್ತಾರೆ. ಬಳಗದ ಹಣದಲ್ಲಿ ಐದು ಪ್ರತಿ ತನ್ನಿ. ವಾರದಲ್ಲಿ ಮುಗಿಯುವಂಥ ಸಣ್ಣ ಪುಸ್ತಕವಾದರೆ ಒಂದು ಪ್ರತಿ ಒಬ್ಬರ ಬಳಿ ಏಳು ದಿನ ಇದ್ದು ತಿಂಗಳಿಗೆ ನಾಲ್ಕು ಮನೆ ಸುತ್ತುತ್ತದೆ, ಐದು ಪ್ರತಿಯಲ್ಲಿ ಇಪ್ಪತ್ತು ಜನ ಓದುತ್ತಾರೆ. ರಕ್ಷಾಪುಟದ ಒಳಗೆ ನಾಲ್ಕು ಹೆಸರು, ನಾಲ್ಕು ತಾರೀಖು ಇರುವ ಚೀಟಿ ಅಂಟಿಸಿ. ಸಾಮಾನ್ಯವಾಗಿ ಎಡವುವುದು ಎರಡನೆಯ ಮನೆಯಲ್ಲಿ. ಓದಿ ಮುಗಿಸಿದವರಿಗೆ ತಲುಪಿಸುವ ಅವಸರ ಇರುವುದಿಲ್ಲ, ಪುಸ್ತಕ ಟೀವಿ ಪಕ್ಕದಲ್ಲೇ ಕೂತುಬಿಡುತ್ತದೆ. ಆದ್ದರಿಂದ ಕೊಡುವವರು ತಂದುಕೊಡುವುದಲ್ಲ, ಬೇಕಾದವರು ಹೋಗಿ ತರುವುದು ಅಂತ ಪದ್ಧತಿ ಮಾಡಿ. ಪುಸ್ತಕ ತರುವ ನೆಪದಲ್ಲಿ ಒಬ್ಬರ ಮನೆಗೆ ಒಬ್ಬರು ಹೋದ ಹಾಗೂ ಆಯಿತು. ತಿಂಗಳು ಮುಗಿದ ಮೇಲೆ ಆ ಐದು ಪ್ರತಿಗಳನ್ನು ಬೇಕಾದ ಸದಸ್ಯರಿಗೆ ಅರ್ಧ ಬೆಲೆಗೆ ಮಾರಿದರೆ ಮುಂದಿನ ತಿಂಗಳಿಗೆ ಒಂದಿಷ್ಟು ದುಡ್ಡು ಹುಟ್ಟುತ್ತದೆ. ವರ್ಷಕ್ಕೆ ಬೇಕಾದ ಪುಸ್ತಕಗಳನ್ನು ನವೆಂಬರ್‌ನಲ್ಲಿ ಒಟ್ಟಿಗೆ ಕೊಳ್ಳಿ, ರಾಜ್ಯೋತ್ಸವದ ತಿಂಗಳಲ್ಲಿ ಸರ್ಕಾರಿ ಪ್ರಕಾಶನಗಳೂ ಅನೇಕ ಪ್ರಕಾಶಕರೂ ಒಳ್ಳೆಯ ರಿಯಾಯಿತಿ ಕೊಡುತ್ತಾರೆ. ಜಿಲ್ಲಾ ಕೇಂದ್ರ ಗ್ರಂಥಾಲಯವನ್ನು ಮರೆಯಬೇಡಿ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ, ಅಲ್ಲಿನ ಪುಸ್ತಕ ಕೇಳುವುದರಲ್ಲಿ ಸಂಕೋಚ ಯಾಕೆ.

ಪುಸ್ತಕದ ಪಿಡಿಎಫ್ ಮಾಡಿ ವಾಟ್ಸಾಪ್‌ಗೆ ಹಾಕುವ ಅಭ್ಯಾಸ ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ, ಎಣಿಕೆ ಶುರುವಾಗುವುದು ಮರುವರ್ಷದ ಜನವರಿ 1ರಿಂದ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕೃತಿಗಳಿಗೆ 2054ರ ಕೊನೆಯವರೆಗೂ ಹಕ್ಕುದಾರರಿದ್ದಾರೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕತೆ, ಕಾದಂಬರಿಗಳು 2024ರ ಜನವರಿಯಿಂದ ಮುಕ್ತ. ಹೊಸ ಮುದ್ರಣಕ್ಕೆ ಬೇರೆಯವರು ಬರೆದ ಮುನ್ನುಡಿಯೊಂದನ್ನು ಬಿಟ್ಟರೆ ಅವನ್ನು ಪ್ರತಿ ಮಾಡಬಹುದು, ಹಂಚಬಹುದು, ಓದಿ ಧ್ವನಿಮುದ್ರಿಸಬಹುದು. ಇದರಿಂದ ನಿಮಗೆ ದೊಡ್ಡ ಉಪಕಾರವೇ ಇದೆ. ಅರವತ್ತು ದಾಟಿದವರಲ್ಲಿ ಕಣ್ಣಿನ ಪೊರೆ, ಸಣ್ಣ ಅಕ್ಷರದ ತೊಂದರೆ ಇದ್ದವರು ಎರಡು ಮೂರು ಜನ ಇದ್ದರೂ, ಕಿರಿಯರೊಬ್ಬರು ದಿನಕ್ಕೆ ಹತ್ತು ನಿಮಿಷದಂತೆ ತ್ರಿವೇಣಿಯವರ ಒಂದು ಕಾದಂಬರಿಯನ್ನು ಓದಿ ಕಳಿಸಲಿ. ಹಿರಿಯರು ಸಂಜೆ ಹೂ ಕಟ್ಟುತ್ತಾ ಕೇಳಿಕೊಂಡೇ ಪುಸ್ತಕ ಮುಗಿಸುತ್ತಾರೆ.

ಈಗ ಆ ಮುಕ್ಕಾಲು ಗಂಟೆ. ಯಾರ ಮನೆಯೋ ಅವರೇ ಚರ್ಚೆ ನಡೆಸಬಾರದು. ಒಲೆಯ ಮೇಲೊಂದು ಕಣ್ಣು, ಪುಸ್ತಕದ ಮೇಲೊಂದು ಕಣ್ಣು ಇಟ್ಟುಕೊಂಡು ಎರಡೂ ಕೆಡುತ್ತವೆ. ನಡೆಸುವವರು ಬೇರೆ, ತಿಂಗಳಿಗೊಬ್ಬರು ಸರದಿಯಂತೆ. ಕೂರುವುದು ದುಂಡಗೆ. ಗೋಡೆಗುಂಟ ಸೋಫಾ ಇರುವ ಹಾಲ್‌ನಲ್ಲಿ ಹಾಗೆಯೇ ಕೂತರೆ ದೂರದವರ ಮುಖ ಕಾಣುವುದಿಲ್ಲ. ಮುಖ ಕಾಣದಿದ್ದಾಗ ಪಕ್ಕದವರ ಜೊತೆ ಮಾತು ಶುರುವಾಗುತ್ತದೆ, ನಿಮ್ಮ ಹತ್ತು ನಿಮಿಷದ ಹೊರಳಾಟದಲ್ಲಿ ಇದರದೂ ಪಾಲಿರುತ್ತದೆ. ಸೋಫಾ ಸರಿಸಲಾಗದಿದ್ದರೆ ನಡುವೆ ಜಮಖಾನ ಹಾಸಿ, ಮಂಡಿನೋವಿನವರಿಗೆ ಕುರ್ಚಿಗಳನ್ನು ಅದೇ ದುಂಡಿನಲ್ಲಿ ಹಾಕಿ. ಹನ್ನೆರಡು ಜನಕ್ಕೆ ಒಂದು ದುಂಡು. ಹದಿನೈದು ದಾಟಿದರೆ ಎರಡು ಮಾಡಿ, ಒಂದು ಹಾಲ್‌ನಲ್ಲಿ, ಇನ್ನೊಂದು ಜಗಲಿಯಲ್ಲೋ ಕೋಣೆಯಲ್ಲೋ. ಇಪ್ಪತ್ತು ಜನರ ಒಂದೇ ದುಂಡಿನಲ್ಲಿ ಮಾತಾಡುವವರು ಆರು ಜನ, ಉಳಿದವರು ಸಭಿಕರು.

ಕರೆಯುವಾಗಲೇ ಎರಡು ಸಮಯ ಹೇಳಿ: 4 ಗಂಟೆಗೆ ಮಜ್ಜಿಗೆ, 4.20ಕ್ಕೆ ಪುಸ್ತಕ. ಬಂದವರು ಎಷ್ಟೇ ಇರಲಿ 4.20ಕ್ಕೆ ಶುರುಮಾಡಿ. ತಡವಾಗಿ ಬರುವವರಿಗೆ ಕಾದರೆ ಹೊತ್ತಿಗೆ ಸರಿಯಾಗಿ ಬಂದವರಿಗೆ ಅನ್ಯಾಯ, ಮುಂದಿನ ತಿಂಗಳು ಅವರೂ ತಡವಾಗಿಯೇ ಬರುತ್ತಾರೆ. ಮೊದಲು ನಡೆಸುವವರು ಒಂದು ಪುಟ ಗಟ್ಟಿಯಾಗಿ ಓದಲಿ, ಎರಡು ಮೂರು ನಿಮಿಷ. ಆಗ ಓದದವರ ಕಿವಿಗೂ ಪುಸ್ತಕದ ದನಿ ಬೀಳುತ್ತದೆ. ಆಮೇಲೆ ಒಂದು ಸುತ್ತು: ಪ್ರತಿಯೊಬ್ಬರೂ ತಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಸಾಲನ್ನೋ ಸನ್ನಿವೇಶವನ್ನೋ ಪುಟ ಹೇಳಿ ಓದಬೇಕು, ಒಂದೇ ನಿಮಿಷ. ಅಭಿಪ್ರಾಯ ಬೇಡ, ವಿವರಣೆ ಬೇಡ. ಓದದವರು ಈಗಷ್ಟೇ ಕೇಳಿದ ಪುಟದಿಂದಲೇ ಒಂದು ಸಾಲು ಆರಿಸಲಿ. ಈ ಸುತ್ತನ್ನು ದಯವಿಟ್ಟು ಬಿಡಬೇಡಿ. ಮೊದಲ ಕಾಲು ಗಂಟೆಯಲ್ಲಿ ಒಮ್ಮೆ ಬಾಯಿ ಬಿಟ್ಟವರು ಮತ್ತೆ ಮಾತಾಡುತ್ತಾರೆ. ಆ ಹೊತ್ತು ಸುಮ್ಮನಿದ್ದವರು ಕೊನೆಯವರೆಗೂ ಸುಮ್ಮನೇ ಇರುತ್ತಾರೆ.

ಈ ಸುತ್ತು ಕಿರಿಯರಿಂದ ಶುರುವಾಗಲಿ. ಹಳೆಯ ವಿದ್ಯಾರ್ಥಿನಿಯರ ಬಳಗಕ್ಕೇ ಇರುವ ಒಂದು ತೊಡಕು ಇದರಿಂದ ಸಡಿಲವಾಗುತ್ತದೆ. ನಿಮ್ಮಲ್ಲಿ ನಲವತ್ತು ವರ್ಷಗಳ ಅಂತರದ ಬ್ಯಾಚುಗಳಿವೆ. ಎಪ್ಪತ್ತರ ಅಕ್ಕ ಒಂದು ಮಾತು ಹೇಳಿದ ಮೇಲೆ ಮೂವತ್ತರ ಹುಡುಗಿ ಅದಕ್ಕೆ ಎದುರು ಹೇಳುವುದಿಲ್ಲ, ಹೌದಕ್ಕ ಅಂದು ಸುಮ್ಮನಾಗುತ್ತಾಳೆ. ಅವಳ ಮಾತು ಮೊದಲು ಬಂದರೆ ಅಕ್ಕ ಅದನ್ನು ಎತ್ತಿಕೊಂಡು ಬೆಳೆಸುತ್ತಾರೆ, ಯಾರ ಮರ್ಯಾದೆಗೂ ಕುಂದಿಲ್ಲ. ನಿಮಗೆ ಪಾಠ ಹೇಳಿದ ನಿವೃತ್ತ ಮೇಡಂ ಬಳಗದಲ್ಲಿದ್ದರಂತೂ ಇನ್ನೂ ಎಚ್ಚರ ಬೇಕು. ಅವರು ಬಾಯಿ ತೆರೆದ ಕೂಡಲೇ ಎಲ್ಲರೂ ಮತ್ತೆ ಬೆಂಚಿನ ಮೇಲೆ ಕೂತ ಹುಡುಗಿಯರಾಗುತ್ತಾರೆ, ಚರ್ಚೆ ಉಪನ್ಯಾಸವಾಗುತ್ತದೆ. ಮುಂಚೆಯೇ ಮನೆಗೆ ಹೋಗಿ ಕೇಳಿಕೊಳ್ಳಿ: ‘ಮೇಡಂ, ಕೊನೆಯ ಐದು ನಿಮಿಷ ನಿಮ್ಮದು, ಅಲ್ಲಿಯವರೆಗೆ ನಾವು ಏನು ಹೇಳುತ್ತೇವೋ ಕೇಳಿಸಿಕೊಳ್ಳಿ’ ಅಂತ. ಪಾಠ ಹೇಳಿದವರಿಗೆ ಶಿಷ್ಯೆಯರ ಮಾತು ಕೇಳುವುದಕ್ಕಿಂತ ದೊಡ್ಡ ಸಂತೋಷ ಇರುವುದಿಲ್ಲ. ಖಂಡಿತ ಒಪ್ಪುತ್ತಾರೆ.

ಪ್ರಶ್ನೆ ಹಾಕುವುದರಲ್ಲೇ ನಡೆಸುವವರ ಕೆಲಸವೆಲ್ಲ ಇದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನೇ ತೆಗೆದುಕೊಳ್ಳಿ. ನಿಮ್ಮ ಜಿಲ್ಲೆಯವರೇ, ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ, ಕಾದಂಬರಿ ಬಂದದ್ದು 1976ರಲ್ಲಿ. ಬಾಲ್ಯದಲ್ಲೇ ವಿಧವೆಯಾದ ಮಲೆನಾಡಿನ ಹೆಣ್ಣಿನ ಇಡೀ ಬದುಕು ಅದರಲ್ಲಿದೆ, ತಿಂಗಳಲ್ಲಿ ಆರಾಮವಾಗಿ ಮುಗಿಯುವ ಗಾತ್ರ. ‘ಈ ಕಾದಂಬರಿಯಲ್ಲಿ ಸ್ತ್ರೀ ಶೋಷಣೆ ಹೇಗೆ ಚಿತ್ರಿತವಾಗಿದೆ?’ ಅಂತ ಕೇಳಿದರೆ ಹತ್ತು ಅಂಕದ ಉತ್ತರ ಬರುತ್ತದೆ. ಪಾಪ, ಎಂಥ ಕಾಲ, ಈಗ ಪರವಾಗಿಲ್ಲ. ಅಲ್ಲಿಗೆ ಮಾತು ಮುಗಿಯಿತು, ಸೀರೆ ಶುರುವಾಯಿತು. ಹೀಗೆ ಕೇಳಿ ನೋಡಿ: ಫಣಿಯಮ್ಮ ಜೀವನವಿಡೀ ತನಗಾಗಿ ಯಾರಿಗೂ ಎದುರು ಮಾತಾಡದೆ ಇದ್ದದ್ದು ಸೋಲೋ, ಅವಳೇ ಹಿಡಿದ ದಾರಿಯೋ? ಯಾವ ಪುಟ ನೋಡಿ ಹಾಗನ್ನುತ್ತೀರಿ? ತಲೆ ಬೋಳಿಸಿಕೊಳ್ಳಲು ಒಪ್ಪದ ಕಿರಿಯ ವಿಧವೆ ದಾಕ್ಷಾಯಿಣಿಯ ಪರ ಅವಳು ನಿಲ್ಲುವ ಭಾಗವನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಕೇಳಿ: ತನಗಾಗಿ ಕೇಳದ್ದನ್ನು ಈ ಹುಡುಗಿಗಾಗಿ ಯಾಕೆ ಕೇಳುತ್ತಾಳೆ? ದಲಿತ ಹೆಣ್ಣಿನ ಹೆರಿಗೆಗೆ ಅವಳು ಒದಗುವ ಸನ್ನಿವೇಶ ಓದಿ, ಇಷ್ಟು ಮಡಿಯಲ್ಲಿದ್ದವಳಿಗೆ ಅಲ್ಲಿಗೆ ಹೋಗುವಾಗ ಯಾವುದು ದೊಡ್ಡದಾಗಿ ಕಂಡಿತು ಅಂತ ಕೇಳಿ. ಹೀಗೆ ಕೇಳಿದಾಗ ಒಬ್ಬರು ಸೋಲು ಅನ್ನುತ್ತಾರೆ, ಇನ್ನೊಬ್ಬರು ಅಲ್ಲವೇ ಅಲ್ಲ ಅನ್ನುತ್ತಾರೆ, ಇಬ್ಬರೂ ಪುಟ ತಿರುವುತ್ತಾರೆ. ಪುಟ ತಿರುವುವ ಸದ್ದು ಕೇಳಿಸಿತು ಅಂದರೆ ಚರ್ಚೆ ಕೂತಿತು ಅಂತಲೇ ಅರ್ಥ. ಐದು ಪ್ರಶ್ನೆ ಬರೆದಿಟ್ಟುಕೊಳ್ಳಿ, ಎರಡೇ ಬಳಕೆಯಾಗಬಹುದು. ಮೂರು ಕಡೆ ಪುಟಕ್ಕೆ ಗುರುತು ಇಟ್ಟುಕೊಂಡು ಬನ್ನಿ, ಮಾತು ತಣ್ಣಗಾದಾಗ ಹೊಸ ಪ್ರಶ್ನೆ ಕೇಳುವ ಬದಲು ಇನ್ನೊಂದು ಪುಟ ಓದಿ.

ಜಾತಿಯ ಮಾತಿಗೆ ಇಬ್ಬರು ಬಿಟ್ಟುಹೋದರು ಎಂದಿದ್ದೀರಿ. ಇದು ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಗಂಭೀರವಾದ ವಿಷಯ. ಜಾತಿ, ಧರ್ಮ, ರಾಜಕೀಯ ಮಾತಾಡಬಾರದು ಅಂತ ನಿಯಮ ಮಾಡಲು ಹೋಗಬೇಡಿ. ಜಾತಿ ಬಿಟ್ಟು ಕನ್ನಡದ ಒಳ್ಳೆಯ ಕಾದಂಬರಿಯೊಂದನ್ನೂ ಮಾತಾಡಲಾಗುವುದಿಲ್ಲ. ‘ಪುಟ ತೋರಿಸಿ’ ಅನ್ನುವ ಒಂದೇ ನಿಯಮ ಸಾಕು. ಪಾತ್ರದ ಜಾತಿಯ ಬಗ್ಗೆ, ಆ ಪಾತ್ರ ಮಾಡಿದ ಕೆಲಸದ ಬಗ್ಗೆ ಎಷ್ಟಾದರೂ ಮಾತಾಡಬಹುದು. ‘ಅವರೆಲ್ಲ ಹಾಗೆಯೇ’ ಅಂತ ಕೋಣೆಯಲ್ಲಿ ಕೂತವರ ಜನವನ್ನು ಸೇರಿಸಿ ಹೇಳುವ ಮಾತಿಗೆ ಪುಟ ಇರುವುದಿಲ್ಲ. ಅಂಥ ಮಾತು ಬಂದ ತಕ್ಷಣ ನಡೆಸುವವರು ತಡೆಯಬೇಕು, ‘ಅದು ಪುಸ್ತಕದಲ್ಲಿ ಎಲ್ಲಿದೆ ಅಕ್ಕ?’ ಅಂತ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ. ಆಮೇಲೆ ಅಡುಗೆಮನೆಯಲ್ಲಿ ಸಮಾಧಾನ ಹೇಳಿದರೆ ಆಗದು. ನೋವು ಆದದ್ದು ಹತ್ತು ಜನರೆದುರು, ತಡೆಯುವ ಮಾತೂ ಹತ್ತು ಜನರೆದುರೇ ಬರಬೇಕು. ಬಿಟ್ಟುಹೋದ ಆ ಇಬ್ಬರ ಮನೆಗೆ ಬಳಗದ ಇಬ್ಬರು ಹೋಗಿ ಬರಲಿ. ಆ ದಿನ ಸುಮ್ಮನಿದ್ದದ್ದು ತಪ್ಪಾಯಿತು ಅಂತ ಹೇಳಿ ಬರಲಿ. ಬನ್ನಿ ಅಂತ ಒತ್ತಾಯಿಸುವುದು ಬೇಡ.

ಕಿರಿಯರು ಇಂಗ್ಲಿಷ್ ಪುಸ್ತಕ ಇಡೋಣ ಅಂದಾರು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾತಾಡಿದಷ್ಟು ಸರಾಗವಾಗಿ ಓದಲು ಬರುವುದಿಲ್ಲ, ಬಾಯಿಬಿಟ್ಟು ಹೇಳಲು ಸಂಕೋಚ. ಎರಡು ಭಾಷೆಯಲ್ಲೂ ಸಿಗುವ ಪುಸ್ತಕವನ್ನು ವರ್ಷಕ್ಕೆ ಎರಡು ಮೂರು ಸಲ ಇಡಿ. ‘ಫಣಿಯಮ್ಮ’ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್‌ನಲ್ಲಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೆರೂರ್ ಅವರ ಅನುವಾದದಲ್ಲಿದೆ, ಎರಡು ಮೂರು ಸಂಜೆಗೆ ಮುಗಿಯುವಷ್ಟು ಸಣ್ಣದು. 2025ರ ಅಂತರರಾಷ್ಟ್ರೀಯ ಬುಕರ್ ಪಡೆದ ‘ಹಾರ್ಟ್ ಲ್ಯಾಂಪ್’ನಲ್ಲಿ ಬಾನು ಮುಷ್ತಾಕ್ ಅವರ 12 ಕತೆಗಳಿವೆ, ಅನುವಾದ ದೀಪಾ ಭಾಸ್ತಿ ಅವರದು. ಒಂದು ತಿಂಗಳಿಗೆ ಮೂರು ಕತೆ ಸಾಕು. ಒಂದೇ ಪ್ಯಾರಾವನ್ನು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್‌ನಲ್ಲಿ ಓದಲಿ. ಯಾವ ಮಾತು ಆ ಕಡೆಗೆ ದಾಟಲಿಲ್ಲ, ಯಾವುದು ದಾಟಿ ಬೇರೆಯೇ ಆಯಿತು ಅಂತ ಹುಡುಕುತ್ತಾ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಇಂಥ ದಿನ ಕಿರಿಯರ ಕೈಯಲ್ಲೂ ಹಿರಿಯರ ಕೈಯಲ್ಲೂ ಒಂದೊಂದು ಬೀಗದ ಕೈ ಇರುತ್ತದೆ.

ತಿಂಡಿ. ಮನೆಯಿಂದ ಮನೆಗೆ ಸುತ್ತುವ ಬಳಗಗಳನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಕೊಲ್ಲುವುದು ತಿಂಡಿಯೇ. ಮೊದಲ ಮನೆಯಲ್ಲಿ ಎರಡು ಬಗೆ, ಎರಡನೆಯ ಮನೆಯಲ್ಲಿ ಮೂರು, ಐದನೆಯ ಮನೆಯ ಹೊತ್ತಿಗೆ ಐದು ಬಗೆ ಮತ್ತು ಐಸ್‌ಕ್ರೀಂ. ಆರನೆಯವರು ನನ್ನ ಕೈಲಾಗದು ಅಂತ ಸರದಿ ತಪ್ಪಿಸಿಕೊಳ್ಳುತ್ತಾರೆ, ನಾಚಿಕೆಗೆ ಬರುವುದನ್ನೂ ಬಿಡುತ್ತಾರೆ. ಒಂದು ಖಾರ, ಅಂಗಡಿಯಿಂದ ತಂದ ಒಂದು ಸಿಹಿ, ಕಾಫಿ. ಇದನ್ನು ಮೀರುವಂತಿಲ್ಲ ಅಂತ ಬರೆದಿಡಿ. ಖರ್ಚು ತಲೆಗೆ 40 ರೂಪಾಯಿಯಂತೆ ಬಳಗದ ಹಣದಿಂದಲೇ ಕೊಡಿ, ಮನೆಯವರು ಬೇಡ ಅಂದರೂ ಕೊಡಿ. ಖಾರ ಮುಂಚೆಯೇ ಮಾಡಿಡುವಂಥದ್ದಾಗಿರಲಿ. ಬಜ್ಜಿ, ಬೋಂಡ ಅಂದರೆ ಇಬ್ಬರು ಹೆಂಗಸರು ಚರ್ಚೆಯುದ್ದಕ್ಕೂ ಬಾಣಲೆಯ ಮುಂದೆ ನಿಂತಿರಬೇಕು, ಆ ಇಬ್ಬರಿಗೆ ಪುಸ್ತಕವೂ ಇಲ್ಲ, ಹರಟೆಯೂ ಇಲ್ಲ. ಇಪ್ಪತ್ತು ಜನಕ್ಕೆ ಗೊಜ್ಜವಲಕ್ಕಿಯಾದರೆ ಒಂದು ಕಿಲೋ ಗಟ್ಟಿ ಅವಲಕ್ಕಿ ತರಿಯಾಗಿ ಪುಡಿ ಮಾಡಿದ್ದು, 100ರಿಂದ 125 ಗ್ರಾಂ ಹುಣಸೆಹಣ್ಣು, ಅಷ್ಟೇ ಬೆಲ್ಲ. ಮಧ್ಯಾಹ್ನವೇ ಕಲಸಿಟ್ಟರೆ ಸಂಜೆಗೆ ಹದವಾಗಿ ನೆನೆದಿರುತ್ತದೆ. ಮಂಡಕ್ಕಿಯಾದರೆ ಒಂದು ಕಿಲೋ, ಒಗ್ಗರಣೆ, ಈರುಳ್ಳಿ ತಯಾರಿಟ್ಟು ಬಡಿಸುವಾಗಲೇ ಬೆರೆಸಬೇಕು, ಇಲ್ಲವಾದರೆ ಮೆತ್ತಗಾಗುತ್ತದೆ. ಕಾಫಿಗೆ 150 ಗ್ರಾಂ ಪುಡಿ, ಮುಕ್ಕಾಲು ಲೀಟರ್ ಕುದಿನೀರು, ಎರಡು ಲೀಟರ್ ಹಾಲು. ಡಿಕಾಕ್ಷನ್ ಮೂರು ಗಂಟೆಗೇ ಇಳಿಯಲು ಬಿಡಿ. ಸಕ್ಕರೆ ಬೇರೆ ಬಟ್ಟಲಲ್ಲಿ ಇಡಿ, ಮಧುಮೇಹದವರು ಇದ್ದೇ ಇರುತ್ತಾರೆ. 5.05ಕ್ಕೆ ಪುಸ್ತಕ ಮುಚ್ಚಿ, ತಟ್ಟೆ ಹೊರಗೆ ಬರಲಿ. ಅಲ್ಲಿಂದಾಚೆಗೆ ಸೀರೆ, ಮದುವೆ, ಏನು ಬೇಕಾದರೂ.

ಚೀಟಿಯನ್ನು ಮಾತ್ರ ಬಳಗದ ಹೆಸರಿನಲ್ಲಿ ನಡೆಸಬೇಡಿ. 1982ರ ಚಿಟ್ ಫಂಡ್ ಕಾಯ್ದೆಯಡಿ ಅನುಮತಿ ಇಲ್ಲದ ಚೀಟಿ ಕಾನೂನಿನ ತೊಡಕು, ಅದು ಒಂದು ಕಡೆ. ಇನ್ನೊಂದು ಕಡೆ, ಒಬ್ಬರು ಕಂತು ತಪ್ಪಿಸಿದರೆ ಅವರ ಜೊತೆ ಅವರ ಗೆಳತಿಯರೂ ಪುಸ್ತಕಕ್ಕೆ ಬರುವುದಿಲ್ಲ. ಲೆಕ್ಕ ಕಷ್ಟದ್ದೇನಲ್ಲ. ತಿಂಗಳಿಗೆ 34 ಜನರಿಂದ 3,400. ತಿಂಡಿಗೆ 800, ಪುಸ್ತಕಕ್ಕೆ ಸುಮಾರು 1,000. ಉಳಿದ 1,600 ವಾರ್ಷಿಕ ಕೂಟಕ್ಕೂ ಪ್ರವಾಸಕ್ಕೂ. ತಿಂಗಳು ತಿಂಗಳು ನಾಲ್ಕು ಸಾಲು ಬರೆದು, ರಸೀದಿಯ ಫೋಟೋ ಸಮೇತ ಎಲ್ಲರಿಗೂ ಕಳಿಸಿ. ಇಬ್ಬರ ಹೆಸರಿನಲ್ಲಿ ಬೇರೆ ಉಳಿತಾಯ ಖಾತೆ ತೆರೆಯಿರಿ. ಇಬ್ಬರೂ ಸಹಿ ಮಾಡಲೇಬೇಕು ಅನ್ನುವ ಬಗೆಯ ಖಾತೆಗೆ ಸಾಮಾನ್ಯವಾಗಿ ಯುಪಿಐ ಸಿಗುವುದಿಲ್ಲ, ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಖಾತೆಗೆ ಸಿಗುತ್ತದೆ, ಬ್ಯಾಂಕಿನಲ್ಲಿ ಕೇಳಿ ತೆರೆಯಿರಿ. ನೋಂದಣಿ ಈಗ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು, ಮಾಡಿಸುವುದು ಸುಲಭವೇ. ಆದರೆ ಆಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕ ತಪಾಸಣೆ, ನೋಂದಣಾಧಿಕಾರಿಗೆ ಕಾಗದಪತ್ರ. ಅಧ್ಯಕ್ಷೆ ಯಾರು ಅನ್ನುವ ಮಾತು ಶುರುವಾದರೆ ಪುಸ್ತಕದ ಮಾತು ಹಿಂದೆ ಬೀಳುತ್ತದೆ. ಹೊರಗಿನವರಿಂದ ದೇಣಿಗೆ ಎತ್ತಿ ಕಾಲೇಜಿನ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಡುವ ಯೋಚನೆ ಬಂದ ದಿನ ನೋಂದಣಿ ಬೇಕಾಗುತ್ತದೆ, ಆಗ ಮಾಡಿಸಿ.

ಪುಸ್ತಕವಿಲ್ಲದ ಕೂಟಗಳು ವರ್ಷಕ್ಕೆ ಮೂರು ಇರಲಿ: ಸಂಕ್ರಾಂತಿಯ ಎಳ್ಳುಬೆಲ್ಲ, ದಸರೆಯಲ್ಲೊಂದು ಸಂಜೆ, ಕಾಲೇಜಿನ ಆವರಣದಲ್ಲೇ ಒಂದು ವಾರ್ಷಿಕ ಕೂಟ. ಅಂತ್ಯಾಕ್ಷರಿ, ಹಾಡು, ಹಳೆಯ ಫೋಟೋ ಎಲ್ಲಕ್ಕೂ ಅಲ್ಲಿ ಜಾಗ. ಒಂದನ್ನು ಮಾತ್ರ ಬಳಗದ ಕೂಟದಿಂದ ಹೊರಗಿಡಿ ಅಂತ ಒತ್ತಿ ಹೇಳುತ್ತೇವೆ. ಬಾಗಿಲಲ್ಲಿ ಅರಿಶಿನ ಕುಂಕುಮದ ತಟ್ಟೆ. ಮೂವತ್ತು ಜನರ ಸಾಲಿನಲ್ಲಿ ತಟ್ಟೆ ಹಿಡಿದವಳ ಕೈ ಒಬ್ಬರ ಮುಂದೆ ಬಂದು, ಒಂದು ಕ್ಷಣ ತಡೆದು, ಪಕ್ಕದವರಿಗೆ ದಾಟುತ್ತದೆ. ಗಂಡ ತೀರಿಕೊಂಡ ಗೆಳತಿ ಆ ಒಂದು ಕ್ಷಣವನ್ನು ಮರೆಯುವುದಿಲ್ಲ. ಮುಸ್ಲಿಂ, ಕ್ರೈಸ್ತ ಗೆಳತಿಯರೂ ಅದೇ ಗಳಿಗೆಯಲ್ಲಿ ಹೊರಗಿನವರಾಗುತ್ತಾರೆ. ಫಣಿಯಮ್ಮನ ಬಗ್ಗೆ ಮುಕ್ಕಾಲು ಗಂಟೆ ಕಣ್ಣು ತುಂಬಿಕೊಂಡು ಮಾತಾಡಿದ ಮನೆಯಲ್ಲಿ ಇದು ನಡೆಯಬಾರದು. ಅವರವರ ಮನೆಯ ಪೂಜೆ, ಅವರವರ ಪದ್ಧತಿ ಅವರಿಗಿರಲಿ, ಬಳಗದ ಬಾಗಿಲಲ್ಲಿ ಎಲ್ಲರ ಕೈಗೂ ಒಂದೇ ಕೊಡಿ, ಎಳ್ಳುಬೆಲ್ಲದ ಪೊಟ್ಟಣವೋ ಒಂದು ಹಣ್ಣೋ.

ಪ್ರವಾಸ ಹೋಗುವುದಾದರೆ ಓದಿಗೆ ಹೊಂದುವ ಜಾಗಗಳು ನಿಮ್ಮ ಜಿಲ್ಲೆಯಲ್ಲೇ ಇವೆ. ‘ಮಲೆಗಳಲ್ಲಿ ಮದುಮಗಳು’ ನಾಲ್ಕು ತಿಂಗಳು ಓದಿ, ಮುಗಿಸಿದ ತಿಂಗಳು ಕುಪ್ಪಳಿಗೆ ಹೋಗಿ ಕವಿಶೈಲದ ಬಂಡೆಯ ಮೇಲೆ ಕೂತು ಕೊನೆಯ ಚರ್ಚೆ ಮಾಡಿ. ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಮುಂದೆ ಇನ್ನೊಂದಿಷ್ಟು. ನಾಟಕದ ಪುಸ್ತಕ ಓದಿದ ವರ್ಷ ಸಾಗರದ ಹತ್ತಿರದ ಹೆಗ್ಗೋಡಿಗೆ ಹೋಗಬಹುದು, ನೀನಾಸಂ 1949ರಿಂದ ಅಲ್ಲಿದೆ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಜಾರುವ ಬಂಡೆ, ಇಂಬಳ ಎರಡೂ ಹಿರಿಯರಿಗೆ ಕಷ್ಟ. ಗಾಡಿ ಗೊತ್ತುಮಾಡುವುದಕ್ಕಿಂತ ಮುಂಚೆ ದಾರಿಯಲ್ಲಿ ಚೊಕ್ಕಟವಾದ ಶೌಚಾಲಯ ಎಲ್ಲೆಲ್ಲಿದೆ ಅಂತ ವಿಚಾರಿಸಿ ಗುರುತು ಮಾಡಿಕೊಳ್ಳಿ. ಹೆಂಗಸರ ಪ್ರವಾಸದಲ್ಲಿ ಬಿಸಿಲಲ್ಲೂ ನೀರು ಕುಡಿಯದೆ ಕೂರುವುದು ಇದೇ ಭಯಕ್ಕೆ.

ವಾಟ್ಸಾಪ್‌ನಲ್ಲಿ ಎರಡು ಗುಂಪು ಮಾಡಿ. ಒಂದರಲ್ಲಿ ನಡೆಸುವವರು ಮಾತ್ರ ಹಾಕಬಹುದು: ಪುಸ್ತಕ, ಮನೆ, ಸಮಯ, ಲೆಕ್ಕ. ಇನ್ನೊಂದರಲ್ಲಿ ಶುಭೋದಯ, ಹುಟ್ಟುಹಬ್ಬ ಎಲ್ಲ. ಒಂದೇ ಗುಂಪಾದರೆ ಸಭೆಯ ವಿಳಾಸ ನಲವತ್ತು ಹೂವಿನ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಬರುತ್ತೀರಾ ಅಂತ ಹತ್ತು ದಿನ ಮುಂಚೆ ಒಮ್ಮೆ, ಮೂರು ದಿನ ಮುಂಚೆ ಒಮ್ಮೆ ಕೇಳಿ. ಎರಡನೆಯ ಉತ್ತರವನ್ನು ನಂಬಿ ಅವಲಕ್ಕಿ ತನ್ನಿ.

ಬಿಟ್ಟುಹೋದ ಉಳಿದವರಿಗೆ ಗುಂಪಿನಲ್ಲಿ ಸಂದೇಶ ಹಾಕಿದರೆ ಪ್ರಯೋಜನವಿಲ್ಲ. ಒಬ್ಬೊಬ್ಬರಿಗೆ ಅವರದೇ ಬ್ಯಾಚಿನ ಗೆಳತಿ ಫೋನ್ ಮಾಡಲಿ. ಯಾಕೆ ಬರಲಿಲ್ಲ ಅಂತ ಕೇಳದೆ, ‘ಈ ಸಲ ಫಣಿಯಮ್ಮ, ಓದಿರದಿದ್ದರೂ ನಡೆಯುತ್ತೆ, ಅಲ್ಲೇ ಓದ್ತೀವಿ, ನನ್ನ ಜೊತೆ ಗಾಡೀಲಿ ಬಾ’ ಅಂತ ಕರೆಯಲಿ. ಏಳೇ ಜನ ಬಂದರೆ ಏಳು ಜನಕ್ಕೆ ಒಂದು ದುಂಡು ಹಾಕಿ 4.20ಕ್ಕೆ ಶುರುಮಾಡಿ. ಎಷ್ಟು ಜನ ಬಂದರು ಅಂತ ಬರೆದಿಡುವ ಪುಸ್ತಕದಲ್ಲಿ ಇನ್ನು ಮೇಲೆ ಇನ್ನೊಂದು ಅಂಕಿಯನ್ನೂ ಬರೆಯಿರಿ, ಎಷ್ಟು ಜನ ಮಾತಾಡಿದರು ಅಂತ. ಮೂರು ತಿಂಗಳು ಆ ಎರಡನೆಯ ಅಂಕಿಯ ಮೇಲೆ ಕಣ್ಣಿಡಿ. ಮಾತಾಡಿದವರು ಮರು ತಿಂಗಳು ತಾವೂ ಬರುತ್ತಾರೆ, ಜೊತೆಗೆ ಇನ್ನೊಬ್ಬರನ್ನೂ ಕರೆದುಕೊಂಡು ಬರುತ್ತಾರೆ.